ತೊಟ್ಟಿಲಗೂಟ

ಗೂಟ ಹುಗಿದವನು ದಾವಲಸಾಬ.
ಗದಗಿನ ಜಿನ್ನಿನ ಹಿತ್ತಲು, ಹತ್ತಿ ಅಂಡಿಗೆಗಳ ಮಗ್ಗುಲು,
ಎರಡು ಗೂಟ, ನಡುವೆ ಹಗ್ಗ,
ಹಗ್ಗಕ್ಕೆ ಅವ್ವನ ಹಳೇ ಸೀರೆ,
ಸೀರೆಯೊಳಗೆ ಮೂರು ತಿಂಗಳ ನಾನು.
ಒಳಗೆ ಅವ್ವ ಅರಳೆಯಿಂದ ಕಸರು ಹೆಕ್ಕುತ್ತಿದ್ದಳು:
ಒಣಗಿದ ಎಲೆ, ತೊಟ್ಟು, ಕಾಯಿಯ ಚಿಪ್ಪು.
ಹಾಲೂಡಿಸಲು ಎರಡು ಸಲ ಬಿಡುವು.

ಒಂದು ಗೂಟ ಜಾಲಿಯದು; ಗೆದ್ದಲು ತಿಂದಿತು.
ಇನ್ನೊಂದು ಹೂವರಸಿ ಎಂದು
ದಾವಲಸಾಬನಿಗೂ ಗೊತ್ತಿರಲಿಲ್ಲ.
ಯಾರದೋ ಬೇಲಿಯಿಂದ ಕಡಿದು ತಂದಿದ್ದ,
ನೆಟ್ಟಗಿತ್ತು, ಅಷ್ಟೇ.
ಮಿರಗದ ಮಳೆ ಹೊಯ್ದ ಎಂಟನೇ ದಿನಕ್ಕೆ
ಹಗ್ಗದ ಗಂಟಿನ ಕೆಳಗೊಂದು ಹಸಿರು ಮೊಳಕೆ.
ಉಜ್ಜಬಾರದೆಂದು ಅವ್ವ ಹಗ್ಗ ಬಿಚ್ಚಿ
ಒಂದು ಗೇಣು ಮೇಲೆ ಕಟ್ಟಿದಳಂತೆ.
ಆಮೇಲೆ ಮತ್ತೊಂದು ಗೇಣು.
ಅಂಬೆಗಾಲಿಡುವ ಹೊತ್ತಿಗೆ ತೊಟ್ಟಿಲೇ ಓರೆ.
"ಅದಕ್ಕ ನಿನ್ನ ತಲಿ ಹಿಂಗ" ಎನ್ನುತ್ತಾಳೆ,
ನಾನು ನಂಬುವುದಿಲ್ಲ.

ಜಿನ್ನು ನಿಂತಿದೆ. ಅಲ್ಲೀಗ ಕಡಲೆ ಚೀಲ.
ನಾನು ನಗರಸಭೆಯ ಮಾಲಿ:
ಒಂದು ಕುಡಗೋಲು, ಒಂದು ಗರಗಸ,
ಡ್ರೈವರ್ ಬಂದ ದಿನ ಒಂದು ಟ್ಯಾಂಕರ್ ನೀರು.
ಬೆಟಗೇರಿ ರಸ್ತೆಗೆ ಗಿಡ ಹಚ್ಚಬೇಕೆಂದು
ಸಂಶಿ ಸಾಹೇಬರು ಮೊಬೈಲಿನಲ್ಲಿ ತೋರಿಸಿದರು:
ಗುಲಾಬಿ ಬಣ್ಣದ ಹೂ, ಮೈತುಂಬ ಮುಳ್ಳು,
ಪರದೇಶದ ಮರ, ಸಸಿಗೆ ನಾನೂರು.
"ಇದೂ ಹತ್ತಿಯ ಬಳಗಾನ ರೀ ಸಾಹೇಬ್ರ.
ಬೆಂಡಿ, ಪುಂಡಿ, ದಾಸಾಳ, ನಮ್ಮ ಹೂವರಸಿ,
ಎಲ್ಲಾ ಒಂದ ಮನಿ ಮಕ್ಕಳು.
ಐದು ಎಸಳು, ನಡುವ ಒಂದು ಕೋಲು.
ಹೂವರಸಿ ಪುಕ್ಕಟೆ ಸಿಗತೈತಿ."
ಪುಕ್ಕಟೆ ಎಂದೊಡನೆ ಅವರ ಮುಖ ಬಾಡಿತು.
ಬಿಲ್ಲಿಲ್ಲದ ಗಿಡ ಯಾವ ಫೈಲಿನಲ್ಲಿ ಬೇರು ಬಿಡುತ್ತದೆ?

ಆದರೂ ಕಡಿದೆ, ನನ್ನ ಗೂಟದ ಕೊಂಬೆಗಳನ್ನೇ.
ತೋಳಿನ ದಪ್ಪ, ಆರು ಫೂಟು.
ಬುಡಕ್ಕೆ ಓರೆ ಕಡಿತ, ತುದಿಗೆ ನೆಟ್ಟನೆಯದು,
ಇಲ್ಲವಾದರೆ ಕತ್ತಲಲ್ಲಿ ತಲೆಕೆಳಗೆ ಹುಗಿಯುತ್ತೇವೆ.
ತುದಿಯ ಗಾಯಕ್ಕೆ ಸೆಗಣಿ ಮೆತ್ತಿ
ಎರಡು ದಿನ ನೆರಳಲ್ಲಿ ಮಲಗಿಸಬೇಕು.
ಎರಡು ಫೂಟು ಹುಗಿದು ಹಿಮ್ಮಡಿಯಿಂದ ತುಳಿಯಬೇಕು.
ಎರೆ ನಂಬುವ ಮಣ್ಣಲ್ಲ,
ಒಣಗಿದರೆ ಬಾಯಿಬಿಟ್ಟು ಎಳೆಬೇರು ಹರಿಯುತ್ತದೆ;
ಬಿರುಕಿಗೆ ಶೇಂಗಾ ಹೊಟ್ಟು ತುಂಬಬೇಕು.

ಊರ ಅಂಚಿನ ಹೊಲದವರು ಬಂದರು:
"ಬ್ಯಾಸಗ್ಯಾಗ ಕೆಂಪು ತಗಣಿ ಇದರಾಗ ಇರತಾವು,
ಆಮ್ಯಾಲ ನಮ್ಮ ಹತ್ತಿಗಿ ಇಳೀತಾವು."
ಸುಳ್ಳೆನ್ನಲು ಬಾಯಿ ಬರಲಿಲ್ಲ. ನಿಜವೇ ಅದು.
ಒಂದೇ ಬಳಗವೆಂದರೆ ರೋಗವೂ ಒಂದೇ.
ಹೊಲದ ಬದಿಯ ಒಂಬತ್ತು ಗೂಟ ಕಿತ್ತು
ದವಾಖಾನೆಯ ಕಂಪೌಂಡಿಗೆ ಹಚ್ಚಿದೆ.
ಎಂಬತ್ತೆರಡರಲ್ಲಿ ಐವತ್ಮೂರು ಚಿಗಿತವು.
ಉಳಿದವು ಆಡಿಗೆ, ಲಾರಿಗೆ, ಒಂದು ಗಣಪತಿ ಪೆಂಡಾಲಿಗೆ.

ಮೂರನೇ ವರ್ಷದ ಹೂವಿಗೆ ಅವ್ವನನ್ನು ಕರೆತಂದೆ.
ನಿಂತು ನಿಂತು ನಡೆಯುತ್ತಾಳೆ,
ಅರಳೆಯ ಧೂಳು ಎದೆಯಿಂದ ಇನ್ನೂ ಇಳಿದಿಲ್ಲ.
ಇವತ್ತು ಬಿಚ್ಚಿದ ಹೂ ಹಳದಿ, ಗಂಟಲು ಕಡುಗೆಂಪು;
ನಿನ್ನೆಯವು ಬಾಡಿ ಪೂರಾ ಕೆಂಪಡರಿದ್ದವು.
ತಲೆಯೆತ್ತಿ ನೋಡಿದಳು ಬಹಳ ಹೊತ್ತು.
"ಹತ್ತಿ ಹೂವೂ ಹಿಂಗ ಇರತೈತೇನೋ?"
"ಹಿಂಗ, ಅವ್ವಾ. ತುಸು ತೆಳು ಬಣ್ಣ."
ಇಪ್ಪತ್ತಾರು ವರ್ಷ ಜಿನ್ನಿನೊಳಗೆ.
"ಅರಳಿ ನೋಡೇನಿ," ಎಂದಳು,
"ಅರಳಿದ್ದು ನೋಡಿದ್ದಿಲ್ಲ."

ಮತ್ತೆ ಬಗ್ಗಿ, ಉದುರಿದ್ದೊಂದನ್ನು ಎತ್ತಿಕೊಂಡಳು.
ನನ್ನ ಜೊತೆ ಮಾತಾಡುತ್ತಲೇ ಇದ್ದಳು,
ಮಳೆ, ಟ್ಯಾಂಕರು, ದಾವಲಸಾಬನ ಮೊಮ್ಮಗಳ ಲಗ್ನ.
ಬೆರಳುಗಳು ಮಾತ್ರ ತಮ್ಮಷ್ಟಕ್ಕೆ
ಎಸಳಿಗಂಟಿದ ಕಸರು ಹೆಕ್ಕುತ್ತಿದ್ದವು.